ಹಡಗಿನ ಸ್ವಯಂ-ಚುಕ್ಕಾಣಿ: ಅದರ ಹುಟ್ಟು, ಜೋಡಣೆ ಮತ್ತು ನಿರ್ವಹಣೆಯ ಚರಿತ್ರೆ

ಹಡಗಿನ ಒಡೆಯನ ಹೆಸರು ಬಂದರಿನ ಕಡತಗಳಲ್ಲಿ ದೊರೆಯುತ್ತದೆ; ಅದರ ನಾಯಕನ ಹೆಸರು ಪ್ರವಾಸದ ದಿನಚರಿಯಲ್ಲಿ ದೊರೆಯುತ್ತದೆ. ಆದರೆ ಹಗಲಿರುಳು ಸರದಿಯ ಮೇಲೆ ಚುಕ್ಕಾಣಿಯನ್ನು ಹಿಡಿದು ನಿಂತವನ ಹೆಸರು ಚರಿತ್ರೆಕಾರನ ಕೈಗೆ ಸಿಕ್ಕುವುದು ಬಹು ವಿರಳ. ಸಿಕ್ಕಿದರೂ ಅದು ಸಾಮಾನ್ಯವಾಗಿ ಯಾವುದಾದರೊಂದು ಅಪಘಾತದ ವಿಚಾರಣೆಯ ಕಾಗದಗಳಲ್ಲಿಯೇ. ಇಂಥವನ ಕೆಲಸವನ್ನು ಕಳೆದ ನೂರೈವತ್ತು ವರ್ಷಗಳಲ್ಲಿ ಯಂತ್ರವು ಸ್ವಲ್ಪ ಸ್ವಲ್ಪವಾಗಿ ವಹಿಸಿಕೊಂಡ ಬಗೆಯನ್ನು ಈ ಲೇಖನದಲ್ಲಿ ಪರಿಶೀಲಿಸಬೇಕೆಂದಿದ್ದೇವೆ. ಈ ವಿಷಯದ ಮೇಲೆ ಬಂದಿರುವ ಬರಹಗಳು ಬಹುಮಟ್ಟಿಗೆ ಯಂತ್ರಶಿಲ್ಪಿಗಳ ಹೆಸರುಗಳನ್ನು ಒಂದರ ಹಿಂದೆ ಒಂದರಂತೆ ಪೋಣಿಸಿ, ಇಂಥವನು ಇಂಥದನ್ನು ಕಂಡುಹಿಡಿದನೆಂದು ಹೇಳಿ ತೃಪ್ತಿಪಡುತ್ತವೆ. ನಮಗೆ ಅದು ಸಾಲದು. ಆ ಯಂತ್ರಗಳೊಳಗೆ ಸೇರಿಕೊಂಡ ತಿಳಿವಳಿಕೆ ಯಾರದು? ಯಂತ್ರವು ಸಿದ್ಧವಾದ ಮೇಲೆ ಅದನ್ನು ಹಡಗಿನಲ್ಲಿ ಕೂರಿಸಿದವರೂ ನಡೆಸಿದವರೂ ಏನನ್ನು ಕಂಡರು? ನಮ್ಮ ವಿಚಾರ ಈ ಎರಡು ಪ್ರಶ್ನೆಗಳನ್ನು ಕುರಿತದ್ದು.

ಮೊದಲು ಪದಗಳನ್ನು ಕುರಿತು ಒಂದೆರಡು ಮಾತು. ಕನ್ನಡದಲ್ಲಿ ರಾಜ್ಯಭಾರವನ್ನು ಹೇಳುವಾಗ 'ರಾಜ್ಯದ ಚುಕ್ಕಾಣಿ ಹಿಡಿದನು' ಎನ್ನುತ್ತೇವೆ. ಕಡಲನ್ನೇ ಕಾಣದ ಊರಿನಲ್ಲಿಯೂ ಈ ಮಾತು ಸಲ್ಲುತ್ತದೆ. 'ಚುಕ್ಕಾಣಿ' ಎಂಬ ಶಬ್ದದ ಹಿಂದೆ ಅರಬ್ಬೀ ಭಾಷೆಯ 'ಸುಕ್ಕಾನ್' ಇದೆ. ಪಶ್ಚಿಮ ಕರಾವಳಿಗೆ ಶತಮಾನಗಳ ಕಾಲ ಬಂದುಹೋದ ಹಡಗುಗಳು ಬಿಟ್ಟುಹೋದ ಪದಗಳಲ್ಲಿ ಇದೊಂದು. ಸಂಸ್ಕೃತದ 'ಕರ್ಣಧಾರ'ನೂ ಚುಕ್ಕಾಣಿಗನೇ. ಅಲ್ಲಿ 'ಕರ್ಣ'ವೆಂದರೆ ಕಿವಿಯಲ್ಲ, ಹಡಗಿನ ಚುಕ್ಕಾಣಿ. ಗ್ರೀಕರಲ್ಲಿ ಚುಕ್ಕಾಣಿಗನು 'ಕುಬೆರ್ನೆಟೆಸ್', ರೋಮನರಲ್ಲಿ 'ಗುಬೆರ್ನಾಟೊರ್'. ಇಂಗ್ಲಿಷಿನ 'ಗವರ್ನರ್' ಈ ವಂಶದ್ದು. ೧೯೪೮ರಲ್ಲಿ ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರನು ಪ್ರಾಣಿಗಳಲ್ಲಿಯೂ ಯಂತ್ರಗಳಲ್ಲಿಯೂ ಕಾಣುವ ನಿಯಂತ್ರಣದ ಶಾಸ್ತ್ರಕ್ಕೆ 'ಸೈಬರ್ನೆಟಿಕ್ಸ್' ಎಂದು ಹೆಸರಿಟ್ಟಾಗ ಅದೇ ಗ್ರೀಕ್ ಚುಕ್ಕಾಣಿಗನನ್ನು ಸ್ಮರಿಸಿದನು. ತನ್ನ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳುವ ಯಂತ್ರಗಳಲ್ಲಿ ಹಡಗಿನ ಚುಕ್ಕಾಣಿಯ ಯಂತ್ರವು ಎಲ್ಲಕ್ಕಿಂತ ಮೊದಲು ಪಳಗಿದವುಗಳಲ್ಲಿ ಒಂದೆಂದು ಅವನು ಗುರುತಿಸಿದ್ದುದೇ ಅದಕ್ಕೆ ಕಾರಣ. ಇಂದು ಗಣಕಯಂತ್ರಗಳ ಜಗತ್ತಿನಲ್ಲಿ ಎಲ್ಲೆಲ್ಲಿಯೂ ಕೇಳಿಬರುವ 'ಸೈಬರ್' ಎಂಬ ಮಾತನ್ನು ಆಡುವವರಲ್ಲಿ ಎಷ್ಟು ಮಂದಿ ತಾವು ಒಬ್ಬ ನಾವಿಕನ ಹೆಸರನ್ನು ಹೇಳುತ್ತಿರುವೆವೆಂದು ಬಲ್ಲರು?

ಇನ್ನು ಕೆಲಸದ ಸ್ವರೂಪ. ಹಡಗನ್ನು ನೇರವಾಗಿ ನಡೆಸುವುದೆಂದರೆ ಚಕ್ರವನ್ನು ಅಲುಗಾಡದಂತೆ ಹಿಡಿದು ನಿಲ್ಲುವುದೆಂದು ನೆಲದ ಮೇಲಿನವರು ಭಾವಿಸುವುದುಂಟು. ನಿಜಸ್ಥಿತಿ ಬೇರೆ. ಅಲೆಯೂ ಗಾಳಿಯೂ ಹಡಗಿನ ಮೂತಿಯನ್ನು ಕ್ಷಣಕ್ಷಣವೂ ಪಕ್ಕಕ್ಕೆ ತಳ್ಳುತ್ತಿರುತ್ತವೆ. ಚುಕ್ಕಾಣಿಯನ್ನು ತಿರುಗಿಸಿದೊಡನೆಯೇ ಹಡಗು ತಿರುಗುವುದಿಲ್ಲ. ತಿರುಗಲಾರಂಭಿಸಿದ ಮೇಲೆ ಸುಲಭವಾಗಿ ನಿಲ್ಲುವುದೂ ಇಲ್ಲ. ಹೊಸಬನು ಹಡಗಿನ ಮೂತಿ ಎಡಕ್ಕೆ ಸರಿದುದನ್ನು ದಿಕ್ಸೂಚಿಯಲ್ಲಿ ಕಂಡು ಚಕ್ರವನ್ನು ಬಲಕ್ಕೆ ತಿರುಗಿಸುತ್ತಾನೆ. ಮುಳ್ಳು ಸರಿಯಾದ ಸ್ಥಾನಕ್ಕೆ ಬರುವವರೆಗೆ ಹಾಗೆಯೇ ಹಿಡಿದಿರುತ್ತಾನೆ. ಅಷ್ಟರಲ್ಲಿ ಹಡಗಿನ ಭಾರಿ ಮೈ ಬಲಕ್ಕೆ ಓಡತೊಡಗಿರುತ್ತದೆ. ಗುರಿಯನ್ನು ದಾಟಿ ಆ ಕಡೆಗೆ ಹೋಗುತ್ತದೆ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಅವನ ಹಡಗಿನ ಹಿಂದಿನ ನೊರೆಯ ಜಾಡು ಹಾವು ಹರಿದಂತಿರುತ್ತದೆ. ಪಳಗಿದವನು ಹೀಗೆ ಮಾಡುವುದಿಲ್ಲ. ಮೂತಿ ಸರಿಯಾದ ದಿಕ್ಕಿಗೆ ಮರಳುತ್ತಿರುವಾಗಲೇ, ಇನ್ನೂ ಗುರಿ ಮುಟ್ಟುವ ಮುನ್ನವೇ, ಅವನು ಚುಕ್ಕಾಣಿಯನ್ನು ಸಡಿಲಿಸುತ್ತಾನೆ; ಅವಶ್ಯವಾದರೆ ಎದುರು ದಿಕ್ಕಿಗೆ ಸ್ವಲ್ಪ ತಿರುಗಿಸಿ ಹಡಗಿನ ಓಟವನ್ನು ತಡೆಯುತ್ತಾನೆ. ಒಂದೇ ಕಡೆಯಿಂದ ಗಾಳಿ ಗಂಟೆಗಟ್ಟಲೆ ಒತ್ತುತ್ತಿದ್ದರೆ ಅದಕ್ಕೆ ತಕ್ಕಷ್ಟು ಚುಕ್ಕಾಣಿಯನ್ನು ಸದಾ ಒಂದು ಪಕ್ಕಕ್ಕೆ ಹಿಡಿದೇ ಇರುತ್ತಾನೆ. ಇದನ್ನು ಅವನು ಪುಸ್ತಕದಿಂದ ಕಲಿತವನಲ್ಲ. ಕೇಳಿದರೆ ಬಿಡಿಸಿ ಹೇಳಬಲ್ಲನೆಂಬ ಭರವಸೆಯೂ ಇಲ್ಲ.

ಯಂತ್ರದ ಪ್ರವೇಶವಾದುದು ಮೊದಲು ತೋಳಿನ ಕೆಲಸಕ್ಕೆ. ಕಣ್ಣು ಮತ್ತು ಅನುಭವದ ಕೆಲಸ ಆಗಿನ್ನೂ ಮನುಷ್ಯನಲ್ಲಿಯೇ ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಬ್ಬಿಣದ ಹಡಗುಗಳು ಬೃಹದಾಕಾರವನ್ನು ತಾಳಿದಾಗ, ಬಿರುಸು ಕಡಲಿನಲ್ಲಿ ಚುಕ್ಕಾಣಿಯ ಹಲಗೆಯನ್ನು ಹೊರಳಿಸಲು ಹತ್ತಾರು ಜನ ಚಕ್ರದ ಮೇಲೂ ಹಗ್ಗಗಳ ಮೇಲೂ ಬೀಳಬೇಕಾಗುತ್ತಿತ್ತು. ೬೯೨ ಅಡಿ ಉದ್ದದ 'ಗ್ರೇಟ್ ಈಸ್ಟರ್ನ್' ಹಡಗಿಗೆ ೧೮೬೬–೬೭ರ ಸುಮಾರಿಗೆ ಮ್ಯಾಕ್‌ಫರ್ಲೇನ್ ಗ್ರೇ ಎಂಬವನ ಉಗಿಯ ಚುಕ್ಕಾಣಿಯಂತ್ರವನ್ನು ಅಳವಡಿಸಲಾಯಿತು. ಅದರ ವಿಶೇಷವೇನೆಂದರೆ, ಚಕ್ರವನ್ನು ಎಷ್ಟು ತಿರುಗಿಸಿದರೆ ಉಗಿಯಂತ್ರವು ಚುಕ್ಕಾಣಿಯನ್ನು ಅಷ್ಟೇ ತಿರುಗಿಸಿ ತಾನಾಗಿಯೇ ನಿಲ್ಲುತ್ತಿತ್ತು. ಚುಕ್ಕಾಣಿಯ ಚಲನೆಯೇ ಹಿಂದಿರುಗಿ ಬಂದು ಉಗಿಯ ಬಾಗಿಲನ್ನು ಮುಚ್ಚುತ್ತಿತ್ತು. ಫ್ರಾನ್ಸಿನ ಜೋಸೆಫ್ ಫಾರ್ಕೋ ಇದೇ ಬಗೆಯ ಯಂತ್ರಗಳನ್ನು ಕುರಿತು ೧೮೭೩ರಲ್ಲಿ ಗ್ರಂಥವನ್ನು ಬರೆದು ಅವಕ್ಕೆ 'ಸರ್ವೋಮೋಟರ್' ಎಂದು ಹೆಸರಿಟ್ಟನು. ಲ್ಯಾಟಿನಿನ 'ಸೆರ್ವುಸ್' ಎಂದರೆ ಊಳಿಗದವನು, ತೊತ್ತು. ಇಂದು ಕಾರ್ಖಾನೆಗಳಲ್ಲಿಯೂ ವಿಮಾನಗಳಲ್ಲಿಯೂ ಕಾಣುವ ಸರ್ವೋಗಳೆಲ್ಲ ಈ ಹೆಸರಿನ ಮಟ್ಟಿಗೆ ಹಡಗಿನ ಚುಕ್ಕಾಣಿಯ ಮಕ್ಕಳು.

ಮುಂದಿನ ತೊಡಕು ದಿಕ್ಕನ್ನು ತೋರಿಸುವ ಸಾಧನದ್ದು. ಚುಕ್ಕಾಣಿಗನ ಬದಲು ಯಂತ್ರವೇ ದಿಕ್ಸೂಚಿಯನ್ನು 'ನೋಡ'ಬೇಕಾದರೆ ಆ ದಿಕ್ಸೂಚಿ ನಂಬಿಕೆಗೆ ಅರ್ಹವಾಗಿರಬೇಕು, ಒಂದು ಸ್ವಿಚ್ಚನ್ನಾದರೂ ಅಲುಗಿಸುವಷ್ಟು ಬಲವುಳ್ಳದ್ದಾಗಿರಬೇಕು. ಉಕ್ಕಿನ ಹಡಗಿನೊಳಗೆ ಅಯಸ್ಕಾಂತದ ಮುಳ್ಳಿಗೆ ಈ ಎರಡು ಗುಣಗಳೂ ಇರಲಿಲ್ಲ. ಇದಕ್ಕೆ ಪರಿಹಾರವು ಬಂದ ದಾರಿ ವಿಚಿತ್ರವಾದುದು. ಹೆರ್ಮನ್ ಅನ್ಶ್ಯೂಟ್ಸ್-ಕೆಂಫೆ ಎಂಬ ಜರ್ಮನನು ಕಲೆಯ ಇತಿಹಾಸವನ್ನು ಓದಿದವನು. ನಮ್ಮ ವರ್ಗದವನೇ ಎಂದು ಹೇಳಿಕೊಳ್ಳಲು ನಮಗೆ ಸ್ವಲ್ಪ ಹೆಮ್ಮೆ. ಜಲಾಂತರ್ಗಾಮಿಯಲ್ಲಿ ಕುಳಿತು ಮಂಜುಗಡ್ಡೆಯ ಕೆಳಗಿನಿಂದ ಉತ್ತರಧ್ರುವವನ್ನು ಮುಟ್ಟಬೇಕೆಂಬ ಹುಚ್ಚು ಅವನಿಗೆ ಹಿಡಿಯಿತು. ಅಲ್ಲಿ ಅಯಸ್ಕಾಂತವು ಕೆಲಸಕ್ಕೆ ಬಾರದು. ವೇಗವಾಗಿ ತಿರುಗುವ ಬುಗುರಿ ತನ್ನ ಅಚ್ಚಿನ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವೆಂಬುದು ಮಕ್ಕಳಿಗೂ ಗೊತ್ತು. ಅಂಥ ಬುಗುರಿಯನ್ನು ತಕ್ಕ ರೀತಿಯಲ್ಲಿ ತೂಗುಹಾಕಿದರೆ ಭೂಮಿಯ ಆವರ್ತನೆಯ ಪ್ರಭಾವದಿಂದ ಅದು ನಿಜವಾದ ಉತ್ತರಕ್ಕೆ ತಿರುಗಿ ನಿಲ್ಲುತ್ತದೆ. ಅವನ ಜೈರೋ-ದಿಕ್ಸೂಚಿಯನ್ನು ೧೯೦೮ರಲ್ಲಿ ಜರ್ಮನ್ ನೌಕಾಪಡೆ ಪರೀಕ್ಷಿಸಿತು. ಧ್ರುವಯಾತ್ರೆ ಮಾತ್ರ ನಡೆಯಲೇ ಇಲ್ಲ. ಅಮೆರಿಕದ ಎಲ್ಮರ್ ಸ್ಪೆರ್ರಿ ತನ್ನದೇ ಆದ ಜೈರೋ-ದಿಕ್ಸೂಚಿಯನ್ನು ೧೯೧೧ರಲ್ಲಿ 'ಡೆಲವೇರ್' ಎಂಬ ಯುದ್ಧನೌಕೆಯ ಮೇಲೆ ಪರೀಕ್ಷೆಗಿಟ್ಟನು. ಇಬ್ಬರ ನಡುವಿನ ಹಕ್ಕಿನ ವ್ಯಾಜ್ಯ ಬರ್ಲಿನ್ನಿನ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯವು ತಜ್ಞನಾಗಿ ಕರೆಸಿದುದು, ಹಿಂದೆ ಸ್ವಿಸ್ ಪೇಟೆಂಟು ಕಛೇರಿಯಲ್ಲಿ ಕೆಲಸ ಮಾಡಿದ್ದ ಆಲ್ಬರ್ಟ್ ಐನ್‌ಸ್ಟೈನನನ್ನು. ತೀರ್ಪು ಅನ್ಶ್ಯೂಟ್ಸನ ಪರವಾಯಿತು. ಐನ್‌ಸ್ಟೈನನು ಮುಂದೆ ೧೯೨೦ರ ದಶಕದಲ್ಲಿ ಅದೇ ಅನ್ಶ್ಯೂಟ್ಸನ ದಿಕ್ಸೂಚಿಯ ಸುಧಾರಣೆಗೂ ನೆರವಾದನು.

ಸ್ಪೆರ್ರಿಯ ಸ್ವಯಂ-ಚುಕ್ಕಾಣಿ, ಈಗ ನಾವು 'ಆಟೊಪೈಲಟ್' ಎಂದು ಕರೆಯುವ ವಸ್ತು, ೧೯೨೦ರ ದಶಕದ ಆರಂಭದಲ್ಲಿ ತೈಲವಾಹಕ ಹಡಗೊಂದರ ಮೇಲೆ ಕೆಲಸ ಮಾಡತೊಡಗಿತು. ಸುಮಾರು ಹತ್ತು ವರ್ಷಗಳೊಳಗೆ ನೂರಾರು ವ್ಯಾಪಾರಿ ಹಡಗುಗಳನ್ನು ಸೇರಿತು. ನಾವಿಕರು ಅದಕ್ಕೆ 'ಲೋಹದ ಮೈಕ್' ಎಂದು ಅಡ್ಡಹೆಸರಿಟ್ಟರು. ಅದರ ವಿನ್ಯಾಸದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪಳಗಿದ ಚುಕ್ಕಾಣಿಗನು ಚುಕ್ಕಾಣಿಯನ್ನು ಮೊದಲು ಸಡಿಲಿಸಿ ಆಮೇಲೆ ಎದುರು ಹಿಡಿಯುವ ಚಾತುರ್ಯವನ್ನು ಸ್ಪೆರ್ರಿ ಗಮನವಿಟ್ಟು ನೋಡಿದನು; ಅದನ್ನೇ ಹಲ್ಲುಚಕ್ರಗಳಿಂದಲೂ ವಿದ್ಯುತ್ ಸಂಪರ್ಕಗಳಿಂದಲೂ ಮಾಡಿಸಲು ಯತ್ನಿಸಿದನು. ಅಂದರೆ ಯಂತ್ರದ ಗುರು ಯಾರೋ ಹೆಸರಿಲ್ಲದ ನಾವಿಕ.

ಈ ಗುರುಶಿಷ್ಯ ಸಂಬಂಧವನ್ನು ಶಾಸ್ತ್ರದ ಮಟ್ಟಕ್ಕೇರಿಸಿದವನು ನಿಕೊಲಾಸ್ ಮಿನೋರ್ಸ್ಕಿ. ಅವನು ೧೮೮೫ರಲ್ಲಿ ರಷ್ಯಾದಲ್ಲಿ ಹುಟ್ಟಿ, ಅಲ್ಲಿನ ನೌಕಾಪಡೆಯಲ್ಲಿ ಶಿಕ್ಷಣ ಪಡೆದು, ಕ್ರಾಂತಿಯ ತರುವಾಯ ೧೯೧೮ರಲ್ಲಿ ಅಮೆರಿಕಕ್ಕೆ ವಲಸೆಹೋದವನು. ೧೯೨೨ರಲ್ಲಿ ಅವನು ಪ್ರಕಟಿಸಿದ ಪ್ರಬಂಧವು ಸ್ವಯಂಚಾಲಿತವಾಗಿ ನಡೆಸಲ್ಪಡುವ ವಸ್ತುಗಳ ದಿಕ್‌ಸ್ಥಿರತೆಯನ್ನು ಕುರಿತದ್ದು. ಒಳ್ಳೆಯ ಚುಕ್ಕಾಣಿಗನು ಮೂರು ಸಂಗತಿಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ: ಹಡಗು ಈಗ ಎಷ್ಟು ತಪ್ಪಿದೆ, ಎಷ್ಟು ವೇಗವಾಗಿ ತಿರುಗುತ್ತಿದೆ, ಇದುವರೆಗೆ ಒಂದೇ ಕಡೆಗೆ ಕೂಡಿಬಂದ ತಪ್ಪು ಎಷ್ಟು. ಇವುಗಳನ್ನು ಮಿನೋರ್ಸ್ಕಿ ಗಣಿತದ ಮೂರು ಪದಗಳನ್ನಾಗಿ ಬರೆದನು. ಇಂದು ರಾಸಾಯನಿಕ ಕಾರ್ಖಾನೆಯ ಕೊಳವೆಗಳಿಂದ ಹಿಡಿದು ರೊಟ್ಟಿ ಸುಡುವ ಒಲೆಯವರೆಗೆ ಶಾಖವನ್ನೂ ವೇಗವನ್ನೂ ಹಿಡಿತದಲ್ಲಿಡುವ ಪಿ.ಐ.ಡಿ. ನಿಯಂತ್ರಕಗಳ ಒಳಗುಟ್ಟು ಇದೇ ಮೂರು ಪದಗಳು.

೧೯೨೩ರಲ್ಲಿ ಅವನ ಯಂತ್ರವನ್ನು 'ನ್ಯೂ ಮೆಕ್ಸಿಕೊ' ಎಂಬ ಯುದ್ಧನೌಕೆಯ ಮೇಲೆ ಕೂರಿಸಿ ಪರೀಕ್ಷಿಸಲಾಯಿತು. ಫಲಿತಾಂಶ ಅಚ್ಚರಿಗೊಳಿಸುವಂಥದು. ತಿರುಗುವ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಾಗ ಹಡಗು ಇತ್ತಟ್ಟಿಗೂ ಸುಮಾರು ಎರಡು ಅಂಶಗಳಷ್ಟು ಹೊಯ್ದಾಡುತ್ತಿತ್ತು. ತೆಗೆದುಕೊಂಡಾಗ ಆ ಹೊಯ್ದಾಟ ಒಂದು ಅಂಶದ ಆರನೆಯ ಒಂದು ಪಾಲಿಗೆ ಇಳಿಯಿತು. ಬಹುಪಾಲು ಚುಕ್ಕಾಣಿಗರ ಕೈಯಲ್ಲಿ ಆಗದ ಕೆಲಸವಿದು. ಹೀಗಿದ್ದರೂ ನೌಕಾಪಡೆ ಈ ಯಂತ್ರವನ್ನು ಸ್ವೀಕರಿಸಲಿಲ್ಲ. ಹಡಗನ್ನು ನಡೆಸುವವರ ವಿರೋಧವೇ ಅದಕ್ಕೆ ಮುಖ್ಯ ಕಾರಣವೆಂದು ನಿಯಂತ್ರಣಶಾಸ್ತ್ರದ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

ಈ ವಿರೋಧವನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುವುದು ವಾಡಿಕೆ. ಹೊಸದನ್ನು ಒಪ್ಪದ ಹಳಬರು, ಅನ್ನಕ್ಕೆ ಸಂಚಕಾರ ಬಂದೀತೆಂದು ಅಂಜಿದವರು, ಹೀಗೆ ಬರೆದರೆ ವಿವರಣೆ ಮುಗಿದಂತಾಯಿತು. ನಾವು ಇದನ್ನು ಒಪ್ಪಲಾರೆವು. ಯುದ್ಧನೌಕೆಯ ಚುಕ್ಕಾಣಿಗನಿಗೆ ಯಂತ್ರ ಬಂದಿತೆಂಬ ಕಾರಣಕ್ಕೆ ಕೆಲಸ ಹೋಗುವ ಭಯವಿರಲು ಹೆಚ್ಚು ಆಸ್ಪದವಿಲ್ಲ. ಪಡೆಯಲ್ಲಿ ಬೇರೆ ಕೆಲಸ ಬೇಕಾದಷ್ಟು ಉಂಟು. ಅವನಿಗೂ ಅವನ ಮೇಲಧಿಕಾರಿಗೂ ಎದುರಾಗಿದ್ದ ಪ್ರಶ್ನೆ ಬೇರೆಯೆಂದು ನಮಗೆ ತೋರುತ್ತದೆ. ತೆರೆದ ಕಡಲಿನಲ್ಲಿ, ಒಂದೇ ದಿಕ್ಕಿನಲ್ಲಿ, ಯಂತ್ರವು ಮನುಷ್ಯನಿಗಿಂತ ಚೆನ್ನಾಗಿ ನಡೆಸೀತು. ಆದರೆ ಇದ್ದಕ್ಕಿದ್ದಂತೆ ತಿರುಗಬೇಕಾಗಿ ಬಂದಾಗ ಯಂತ್ರದ ಕೈಯಿಂದ ಚುಕ್ಕಾಣಿಯನ್ನು ಬಿಡಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಗಂಟೆಗಟ್ಟಲೆ ಕೈಕಟ್ಟಿ ನಿಂತವನು ಆ ಕ್ಷಣದಲ್ಲಿ ಹಡಗಿನ ಚಲನೆಯನ್ನು ಮೈಯಲ್ಲಿ ಅರಿತಿರುವನೇ? ಇದು ನಮ್ಮ ಊಹೆ; ಆ ನಾವಿಕರ ಮಾತನ್ನು ನಾವು ಕೇಳಿಲ್ಲ. ಆದರೆ ಈ ಊಹೆಗೆ ಮುಂದಿನ ಅರ್ಧ ಶತಮಾನದ ಘಟನೆಗಳು ಎಷ್ಟು ಬೆಂಬಲ ಕೊಡುತ್ತವೆಂಬುದನ್ನು ಕೆಳಗೆ ನೋಡೋಣ. ಅದಕ್ಕೆ ಮುನ್ನ ಸಣ್ಣ ದೋಣಿಗಳ ಕಡೆಗೆ ಬರಬೇಕು. ದೊಡ್ಡ ಹಡಗಿನಲ್ಲಿ ಸ್ವಯಂ-ಚುಕ್ಕಾಣಿ ಉಳಿತಾಯದ ಮಾತು; ಒಂಟಿ ಯಾತ್ರಿಕನಿಗೆ ಅದು ನಿದ್ರೆಯ ಮಾತು.

ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದವರಲ್ಲಿ ಮೊದಲಿಗನಾದ ಜೋಷುವಾ ಸ್ಲೋಕಮ್‌ನ ಬಳಿ ಯಾವ ಯಂತ್ರವೂ ಇರಲಿಲ್ಲ. ೧೮೯೫ರಲ್ಲಿ ಬಾಸ್ಟನ್ನಿನಿಂದ ಹೊರಟು ೧೮೯೮ರಲ್ಲಿ ಮರಳಿದ ಅವನ 'ಸ್ಪ್ರೇ' ದೋಣಿ ೩೭ ಅಡಿಗಿಂತ ಸ್ವಲ್ಪ ಕಡಿಮೆ ಉದ್ದದ್ದು. ಹಾಯಿಗಳನ್ನು ಹದವಾಗಿ ಕಟ್ಟಿ ಚಕ್ರವನ್ನು ಹಗ್ಗದಿಂದ ಬಿಗಿದರೆ ಅದು ತಾನಾಗಿಯೇ ದಾರಿ ಹಿಡಿದು ಹೋಗುತ್ತಿತ್ತು. ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗಿನ ಸುಮಾರು ೨,೭೦೦ ಮೈಲಿಗಳ ಹಾದಿಯಲ್ಲಿ, ಇಪ್ಪತ್ತಮೂರು ದಿನಗಳಲ್ಲಿ, ತಾನು ಚುಕ್ಕಾಣಿಯ ಬಳಿ ನಿಂತುದು ಎಲ್ಲ ಸೇರಿ ಮೂರು ಗಂಟೆಗೆ ಮೀರಲಿಲ್ಲವೆಂದು ಅವನು ಬರೆದಿದ್ದಾನೆ. ಇದಕ್ಕಿಂತ ಮೊದಲು ಅಜೋರ್ ದ್ವೀಪಗಳನ್ನು ಬಿಟ್ಟ ಮೇಲೆ, ಅಲ್ಲಿ ಸಿಕ್ಕ ಹಣ್ಣನ್ನೂ ಗಿಣ್ಣನ್ನೂ ತಿಂದು ಹೊಟ್ಟೆನೋವಿನಿಂದ ಬಿದ್ದುಕೊಂಡಿದ್ದಾಗ, ಕೊಲಂಬಸನ ಕಾಲದ 'ಪಿಂಟಾ' ಹಡಗಿನ ಚುಕ್ಕಾಣಿಗನೇ ಬಂದು ತನ್ನ ದೋಣಿಯನ್ನು ನಡೆಸಿದನೆಂದು ಜ್ವರದ ಕನಸಿನಂತೆ ಕಂಡುದನ್ನೂ ಅವನು ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ಚುಕ್ಕಾಣಿಗನಿಲ್ಲದೆ ದೋಣಿ ನಡೆದೀತೆಂದು ಒಪ್ಪಲು ಮನುಷ್ಯನ ಮನಸ್ಸಿಗೆ ಎಷ್ಟು ಕಷ್ಟವೋ ನೋಡಿ.

'ಸ್ಪ್ರೇ'ಯಂಥ ಮೈಕಟ್ಟು ಎಲ್ಲ ದೋಣಿಗಳಿಗೂ ಇರುವುದಿಲ್ಲ. ಫ್ರೆಂಚ್ ಚಿತ್ರಕಾರ ಮರಿನ್-ಮರೀ ಎಂಬವನು ೧೯೩೬ರಲ್ಲಿ ಯಂತ್ರದ ದೋಣಿಯೊಂದರಲ್ಲಿ ಒಂಟಿಯಾಗಿ ಅಟ್ಲಾಂಟಿಕ್ಕನ್ನು ದಾಟಿದಾಗ ಗಾಳಿಯಲ್ಲಿ ತಿರುಗುವ ಅಲಗೊಂದನ್ನು ಚುಕ್ಕಾಣಿಗೆ ಜೋಡಿಸಿಕೊಂಡಿದ್ದನು. ಗಾಳಿಯಲಗಿನ ತತ್ತ್ವ ಸರಳ. ದೋಣಿ ಗಾಳಿಗೆ ಹಿಡಿದ ಕೋನ ತಪ್ಪಿದರೆ ಅಲಗು ಹೊರಳುತ್ತದೆ, ಅದು ಚುಕ್ಕಾಣಿಯನ್ನು ಹೊರಳಿಸುತ್ತದೆ. ಆದರೆ ಹಗುರವಾದ ಅಲಗಿಗೆ ಭಾರವಾದ ಚುಕ್ಕಾಣಿಯನ್ನು ತಿರುಗಿಸುವ ಶಕ್ತಿ ಎಲ್ಲಿಂದ ಬರಬೇಕು? ಇದನ್ನು ಬಿಡಿಸಿದವರಲ್ಲಿ ಪ್ರಮುಖನು ಇಂಗ್ಲೆಂಡಿನ ಕರ್ನಲ್ ಹಾಸ್ಲರ್. ೧೯೪೨ರಲ್ಲಿ ಪುಟ್ಟ ದೋಣಿಗಳಲ್ಲಿ ಬೋರ್ಡೋ ಬಂದರಿಗೆ ನುಗ್ಗಿ ಜರ್ಮನರ ಹಡಗುಗಳಿಗೆ ಸಿಡಿಮದ್ದನ್ನಿಟ್ಟ ತಂಡದ ನಾಯಕನು ಇವನೇ. ೧೯೬೦ರಲ್ಲಿ ಪ್ಲಿಮತ್ತಿನಿಂದ ನ್ಯೂಯಾರ್ಕಿಗೆ ನಡೆದ ಮೊದಲ ಒಂಟಿ ನಾವಿಕರ ಪಂದ್ಯ ಅವನ ಯತ್ನದ ಫಲ. ಅದರಲ್ಲಿ ಭಾಗವಹಿಸಿದ್ದು ಐವರು. ಫ್ರಾನ್ಸಿಸ್ ಚಿಚೆಸ್ಟರ್ ನಲವತ್ತು ದಿನಗಳಲ್ಲಿ ಮೊದಲು ತಲಪಿದನು. ಹಾಸ್ಲರನು ಚೀನೀ ಮಾದರಿಯ ಹಾಯಿ ಕಟ್ಟಿದ 'ಜೆಸ್ಟರ್' ಎಂಬ ಸಣ್ಣ ದೋಣಿಯಲ್ಲಿ ನಲವತ್ತೆಂಟು ದಿನಗಳಲ್ಲಿ ಬಂದನು. ಚಿಚೆಸ್ಟರನು ತನ್ನ ಗಾಳಿಯಂತ್ರಕ್ಕೆ 'ಮಿರಾಂಡಾ' ಎಂದು ಹೆಣ್ಣಿನ ಹೆಸರಿಟ್ಟು ಆಗಾಗ ಅದರೊಡನೆ ಜಗಳವಾಡುತ್ತಿದ್ದನು.

ಹಾಸ್ಲರನು ಆ ಬಳಿಕ ಬೆಳೆಸಿದ ಲೋಲಕದ ಗಾಳಿಯಂತ್ರ ಬಹು ಜಾಣತನದ್ದು. ಗಾಳಿಯಲಗು ಇಲ್ಲಿ ಚುಕ್ಕಾಣಿಯನ್ನು ಮುಟ್ಟುವುದೇ ಇಲ್ಲ. ದೋಣಿಯ ಹಿಂಬದಿಯಲ್ಲಿ ನೀರಿನೊಳಕ್ಕೆ ಇಳಿಬಿಟ್ಟ ಕಿರುಹಲಗೆಯೊಂದನ್ನು ಅದು ಸ್ವಲ್ಪ ತಿರುಚುತ್ತದೆ, ಅಷ್ಟೇ. ಓರೆಯಾದ ಹಲಗೆಯನ್ನು ಹರಿಯುವ ನೀರು ರಭಸದಿಂದ ಪಕ್ಕಕ್ಕೆ ತಳ್ಳುತ್ತದೆ. ಹಲಗೆಯು ಗಡಿಯಾರದ ಲೋಲಕದಂತೆ ತೂಗುತ್ತದೆ. ಅದಕ್ಕೆ ಕಟ್ಟಿದ ಹಗ್ಗಗಳು ಚುಕ್ಕಾಣಿಯ ಹಿಡಿಯನ್ನು ಎಳೆಯುತ್ತವೆ. ಹೀಗೆ ಅಪ್ಪಣೆ ಗಾಳಿಯದು, ದುಡಿಮೆ ನೀರಿನದು. ದೋಣಿಯ ವೇಗ ಹೆಚ್ಚಿದಷ್ಟೂ ನೀರಿನ ಬಲವೂ ಹೆಚ್ಚುತ್ತದೆ. ಬ್ಯಾಟರಿ ಬೇಡ, ತಂತಿ ಬೇಡ. ಕೊರತೆಯೂ ಒಂದುಂಟು: ಈ ಯಂತ್ರಕ್ಕೆ ಉತ್ತರ ದಕ್ಷಿಣಗಳು ತಿಳಿಯವು. ನಿದ್ರೆಯ ನಡುವೆ ಗಾಳಿ ತಿರುಗಿದರೆ ದೋಣಿಯೂ ಅದರೊಡನೆ ತಿರುಗಿ, ನಿದ್ರಿಸುವವನನ್ನು ಎಬ್ಬಿಸದೆಯೇ ಬೇರೆ ಕಡೆಗೆ ಕೊಂಡೊಯ್ಯುತ್ತದೆ.

ಇಂಥ ಯಂತ್ರಗಳು ಮುರಿಯುತ್ತಲೂ ಇದ್ದವು. ೧೯೬೬ರಲ್ಲಿ ಚಿಚೆಸ್ಟರನ ಭೂಪ್ರದಕ್ಷಿಣೆಯಲ್ಲಿ ಸಿಡ್ನಿ ಇನ್ನೂ ಎರಡು ಸಾವಿರ ಮೈಲಿಗೂ ಹೆಚ್ಚು ದೂರವಿರುವಾಗಲೇ ಅವನ ಗಾಳಿಯಂತ್ರ ನಾಶವಾಯಿತು. ಅವನು ಕಿರುಹಾಯಿಯೊಂದನ್ನು ಚುಕ್ಕಾಣಿಯ ಹಿಡಿಗೆ ಹಗ್ಗದಿಂದ ಜೋಡಿಸಿ ಕೆಲಸ ಸಾಗಿಸಿದನು. ಎಲ್ಲಿಯೂ ನಿಲ್ಲದೆ ಒಂಟಿಯಾಗಿ ಭೂಮಿಯನ್ನು ಸುತ್ತಿದ ಮೊದಲಿಗನಾದ ರಾಬಿನ್ ನಾಕ್ಸ್-ಜಾನ್‌ಸ್ಟನ್‌ನ ಕಥೆಯೂ ಇಂಥದೇ. ಅವನ ೩೨ ಅಡಿಯ 'ಸುಹೈಲಿ' ನಮ್ಮ ಮುಂಬಯಿಯಲ್ಲಿ ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ತೇಗದ ಮರದಿಂದ ಕಟ್ಟಿದ ದೋಣಿ. ೧೯೬೮ರ ಜೂನ್ ೧೪ರಿಂದ ೧೯೬೯ರ ಏಪ್ರಿಲ್ ೨೨ರವರೆಗಿನ ೩೧೨ ದಿನಗಳ ಯಾತ್ರೆಯಲ್ಲಿ ಅರ್ಧ ಹಾದಿಯೊಳಗೇ ಗಾಳಿಯಂತ್ರ ಕೈಕೊಟ್ಟಿತು. ಉಳಿದ ಸಾವಿರಾರು ಮೈಲಿಗಳನ್ನು ಅವನು ಸ್ಲೋಕಮ್‌ನಂತೆ ಹಾಯಿಗಳನ್ನು ಹದಗೊಳಿಸಿಯೇ ಕಳೆದನು. ಉದ್ದ ತಳದ ಹಳೆಯ ಮಾದರಿಯ ಆ ಮೈಕಟ್ಟು ಇದಕ್ಕೆ ಒಗ್ಗಿತು. ಹಗುರವಾದ ಹೊಸ ಮಾದರಿಯ ದೋಣಿಯಲ್ಲಿ ಇದು ಇಷ್ಟು ಸುಲಭವಾಗುತ್ತಿರಲಿಲ್ಲ.

೧೯೭೦ರ ದಶಕದಿಂದೀಚೆಗೆ ಬಂದ ವಿದ್ಯುತ್ತಿನ ಪುಟ್ಟ ಆಟೊಪೈಲಟ್ಟುಗಳು ಸಾಮಾನ್ಯ ದೋಣಿಯವನ ಕೈಗೂ ಎಟುಕಿದವು. ಅವುಗಳ ತಂತ್ರಕ್ಕಿಂತ ಜೋಡಣೆಯ ಬಗೆ ನಮ್ಮ ವಿಷಯಕ್ಕೆ ಹೆಚ್ಚು ಪ್ರಸ್ತುತವಾದುದು. ಮುಖ್ಯ ಅಂಗಗಳು ನಾಲ್ಕು: ದಿಕ್ಕನ್ನು ಅಳೆಯುವ ವಿದ್ಯುತ್ ದಿಕ್ಸೂಚಿ, ಲೆಕ್ಕಹಾಕುವ ಪೆಟ್ಟಿಗೆ, ಚುಕ್ಕಾಣಿಯನ್ನು ತಳ್ಳುವ ಮೋಟಾರು, ಚುಕ್ಕಾಣಿ ಎಷ್ಟು ತಿರುಗಿದೆಯೆಂದು ವರದಿ ಮಾಡುವ ಸೂಚಕ. ದಿಕ್ಸೂಚಿಯನ್ನು ಕಬ್ಬಿಣದಿಂದಲೂ ಎಂಜಿನಿನಿಂದಲೂ ಧ್ವನಿವರ್ಧಕದಿಂದಲೂ ದೂರವಾಗಿ, ದೋಣಿಯ ಓಲಾಟ ಕಡಿಮೆಯಿರುವ ನಡುಭಾಗದಲ್ಲಿ ಕೂರಿಸಬೇಕು. ಆಮೇಲೆ ಯಾರೋ ಅದರ ಪಕ್ಕದ ಗೂಡಿನಲ್ಲಿ ಕಬ್ಬಿಣದ ಡಬ್ಬಿಗಳನ್ನು ತುಂಬಿಟ್ಟರೆ ದೋಣಿ ಬೇರೆ ದಿಕ್ಕಿಗೆ ಹೋಗುತ್ತದೆ. ತೆರೆಯ ಮೇಲಿನ ಅಂಕಿಗಳು ಮಾತ್ರ ಸರಿಯಾಗಿಯೇ ಕಾಣುತ್ತವೆ. ಮೋಟಾರನ್ನು ಬಿಗಿಯುವ ಜಾಗ ಗಟ್ಟಿಯಾಗಿರಬೇಕು, ಏಕೆಂದರೆ ಬಿರುಗಾಳಿಯಲ್ಲಿ ಚುಕ್ಕಾಣಿಯ ಒತ್ತಡವೆಲ್ಲ ಅಲ್ಲಿಗೇ ಬೀಳುತ್ತದೆ. ಜೋಡಿಸಿದ ಬಳಿಕ ಶಾಂತವಾದ ನೀರಿನಲ್ಲಿ ದೋಣಿಯನ್ನು ನಿಧಾನವಾಗಿ ಸುತ್ತು ಹೊಡೆಸಿ, ದೋಣಿಯೊಳಗಿನ ಕಬ್ಬಿಣವು ದಿಕ್ಸೂಚಿಯನ್ನು ಎಷ್ಟು ಎಳೆಯುತ್ತದೆಂಬುದನ್ನು ಯಂತ್ರಕ್ಕೆ ಕಲಿಸಬೇಕು. ತಪ್ಪಿಗೆ ತಕ್ಕಂತೆ ಚುಕ್ಕಾಣಿಯನ್ನು ಎಷ್ಟು ತಿರುಗಿಸಬೇಕು, ಎದುರು ಹಿಡಿತ ಎಷ್ಟಿರಬೇಕು ಎಂಬುದನ್ನು ಆಯಾ ದೋಣಿಗೆ ಹೊಂದುವಂತೆ ನಿಗದಿಮಾಡಬೇಕು. ಮಿನೋರ್ಸ್ಕಿಯ ಮೂರು ಪದಗಳು ಇಲ್ಲಿ ಗುಂಡಿಗಳಾಗಿ ಕುಳಿತಿವೆ. ಅವುಗಳನ್ನು ತಪ್ಪಾಗಿ ತಿರುಗಿಸಿದರೆ ಬೆಲೆಬಾಳುವ ಯಂತ್ರವೂ ನಾವು ಮೊದಲು ಹೇಳಿದ ಹೊಸಬನಂತೆ ಹಾವಿನ ಜಾಡನ್ನು ಬಿಡುತ್ತದೆ, ಬ್ಯಾಟರಿಯನ್ನೂ ಬರಿದುಮಾಡುತ್ತದೆ. ಇಷ್ಟೆಲ್ಲ ಕೆಲಸವನ್ನು ಮಾಡುವ ಕೈಗಳಿಗೂ ಚರಿತ್ರೆಯಲ್ಲಿ ಹೆಸರಿಲ್ಲ.

ಈಗ 'ನ್ಯೂ ಮೆಕ್ಸಿಕೊ'ದ ನಾವಿಕರ ಆತಂಕಕ್ಕೆ ಮರಳೋಣ. ೧೯೬೭ರ ಮಾರ್ಚ್ ೧೮ರ ಬೆಳಿಗ್ಗೆ 'ಟೋರಿ ಕ್ಯಾನ್ಯನ್' ಎಂಬ ತೈಲವಾಹಕ ಹಡಗು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಸೆವೆನ್ ಸ್ಟೋನ್ಸ್ ಎಂಬ ಬಂಡೆಗಳಿಗೆ ಬಡಿಯಿತು. ಅದರಲ್ಲಿದ್ದುದು ಒಂದು ಲಕ್ಷ ಟನ್ನಿಗೂ ಮಿಕ್ಕ ಕಚ್ಚಾ ತೈಲ. ಕಾರ್ನ್‌ವಾಲಿನ ಮತ್ತು ಬ್ರಿಟನಿಯ ಕರಾವಳಿಗಳು ಕಪ್ಪಾದವು. ನಾಯಕ ರುಜಿಯಾತಿ ಮಿಲ್ಫರ್ಡ್ ಹೇವನ್ ಬಂದರಿನ ಭರತದ ಹೊತ್ತಿಗೆ ತಲಪುವ ಅವಸರದಲ್ಲಿದ್ದನು. ಇಕ್ಕಟ್ಟಾದ ಹಾದಿಯನ್ನು ಆರಿಸಿದನು. ಇವೆಲ್ಲ ಪ್ರಸಿದ್ಧವಾದ ಸಂಗತಿಗಳು. ನಮಗೆ ಮುಖ್ಯವಾದುದು ಕೊನೆಯ ಕೆಲವು ನಿಮಿಷಗಳು. ಹಡಗಿನ ಚುಕ್ಕಾಣಿಯ ಬಳಿ ಸನ್ನೆಯೊಂದಿತ್ತು. ಕೈಯಿಂದ ನಡೆಸುವುದಕ್ಕೆ ಒಂದು, ಸ್ವಯಂಚಾಲನೆಗೆ ಒಂದು, ಚಕ್ರದ ಸಂಪರ್ಕವನ್ನೇ ಕಡಿಯುವುದಕ್ಕೆ ಮತ್ತೊಂದು, ಹೀಗೆ ಅದಕ್ಕೆ ಮೂರು ಸ್ಥಾನಗಳು. ಬಂಡೆ ಹತ್ತಿರವಾದಾಗ ಚುಕ್ಕಾಣಿಗನಿಗೆ ಎಡಕ್ಕೆ ತಿರುಗಿಸಲು ಅಪ್ಪಣೆಯಾಯಿತು. ಚಕ್ರ ತಿರುಗಿತು, ಹಡಗು ತಿರುಗಲಿಲ್ಲ. ಸನ್ನೆ ಯಾರಿಗೂ ತಿಳಿಯದಂತೆ ಆ ಮೂರನೆಯ ಸ್ಥಾನಕ್ಕೆ ಸರಿದಿತ್ತು. ಅದನ್ನು ಕಂಡು ಸರಿಪಡಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಹಡಗಿಗೆ ಧ್ವಜ ಕೊಟ್ಟಿದ್ದ ಲೈಬೀರಿಯಾದ ವಿಚಾರಣಾ ಮಂಡಲಿ ಎಲ್ಲ ಹೊಣೆಯನ್ನೂ ನಾಯಕನ ಮೇಲೆಯೇ ಹೊರಿಸಿತು. ನಾಯಕನು ನಿರಪರಾಧಿಯೆಂದು ನಾವು ವಾದಿಸುವುದಿಲ್ಲ. ಆದರೆ ಚಕ್ರವನ್ನು ಹಡಗಿನಿಂದ ಬೇರ್ಪಡಿಸಬಲ್ಲ ಸನ್ನೆಯನ್ನು ಕೈತಾಕುವ ಜಾಗದಲ್ಲಿ, ಎಚ್ಚರಿಕೆಯ ಗಂಟೆಯಿಲ್ಲದೆ ಇರಿಸಿದವರ ವಿಷಯದಲ್ಲಿ ಆ ತೀರ್ಪು ಉದಾರವಾಗಿತ್ತೆಂದು ಹೇಳದೆ ವಿಧಿಯಿಲ್ಲ.

ಇಪ್ಪತ್ತೆಂಟು ವರ್ಷಗಳ ತರುವಾಯದ 'ರಾಯಲ್ ಮೆಜೆಸ್ಟಿ'ಯ ಪ್ರಕರಣದಲ್ಲಿ ಎಲ್ಲ ಸನ್ನೆಗಳೂ ಸರಿಯಾದ ಸ್ಥಾನದಲ್ಲಿಯೇ ಇದ್ದುವು. ೧೯೯೫ರ ಜೂನ್ ತಿಂಗಳಲ್ಲಿ ಈ ಪ್ರವಾಸಿ ಹಡಗು ಬರ್ಮುಡಾದಿಂದ ಬಾಸ್ಟನ್ನಿಗೆ ಹೊರಟಿತು. ಹೊರಟು ಒಂದು ಗಂಟೆಯಾಗುವಷ್ಟರಲ್ಲಿ ಉಪಗ್ರಹಗಳ ಸಂಕೇತವನ್ನು ಹಿಡಿಯುವ ಆಂಟೆನಾದ ತಂತಿ ಕಳಚಿಕೊಂಡಿತು. ಸ್ಥಾನವನ್ನು ತಿಳಿಸುವ ಪೆಟ್ಟಿಗೆ ಒಂದು ಕ್ಷಣ ಸಣ್ಣಗೆ ಸದ್ದುಮಾಡಿ, ಅಂದಿನಿಂದ ವೇಗ ಮತ್ತು ದಿಕ್ಕುಗಳ ಅಂದಾಜಿನ ಮೇಲೆಯೇ ಸ್ಥಾನವನ್ನು ಲೆಕ್ಕಹಾಕತೊಡಗಿತು. ತೆರೆಯ ಮೇಲೆ ಅದರ ಗುರುತು ಪುಟ್ಟ ಅಕ್ಷರಗಳಲ್ಲಿತ್ತು. ಆ ಅಂದಾಜಿಗೆ ಗಾಳಿಯೂ ಕಡಲಿನ ಪ್ರವಾಹವೂ ತಿಳಿಯವು. ಸ್ವಯಂ-ಚುಕ್ಕಾಣಿ ಅದನ್ನೇ ನಂಬಿ ಸುಮಾರು ೩೪ ಗಂಟೆಗಳ ಕಾಲ ಹಡಗನ್ನು ನಿಷ್ಠೆಯಿಂದ ನಡೆಸಿತು. ಜೂನ್ ೧೦ರ ರಾತ್ರಿ ನಾಂಟಕೆಟ್ ದ್ವೀಪದ ಪೂರ್ವದ ಮರಳುದಿಬ್ಬದ ಮೇಲೆ ಹಡಗು ಕೂತಾಗ ಅದು ತನ್ನ ಹಾದಿಯಿಂದ ಸುಮಾರು ೧೭ ಮೈಲಿ ದೂರವಿತ್ತು. ಹಡಗಿನಲ್ಲಿ ಸಾವಿರದ ಐನೂರು ಜನ. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಪಕ್ಕದಲ್ಲಿಯೇ ಇದ್ದ ಬೇರೆ ಸಾಧನದೊಡನೆ ಹೋಲಿಸಿ ನೋಡಿದ್ದರೆ ತಪ್ಪು ಬಯಲಾಗುತ್ತಿತ್ತು. ಸರದಿಯ ಅಧಿಕಾರಿ ಹಾದಿಯಲ್ಲಿ ಕಾಣಬೇಕಾಗಿದ್ದ ತೇಲುಗುರುತನ್ನು ಕಣ್ಣಾರೆ ಕಾಣದಿದ್ದರೂ, ಹೊತ್ತಿಗೆ ಸರಿಯಾಗಿ ರೇಡಾರಿನಲ್ಲಿ ಕಂಡ ಯಾವುದೋ ಚುಕ್ಕೆಯನ್ನೇ ಅದೆಂದು ಎಣಿ­ಸಿದನು. ತಂತಿಯನ್ನು ಕಾಲಿಗೆ ತಾಗುವಂತೆ ಬಯಲಲ್ಲಿ ಹಾಯಿಸಿದುದು ಜೋಡಣೆಯ ತಪ್ಪು. ಪೆಟ್ಟಿಗೆಯ ಮಾತನ್ನು ಪರೀಕ್ಷಿಸದುದು ನಿರ್ವಹಣೆಯ ತಪ್ಪು. ಚುಕ್ಕಾಣಿಯ ಯಂತ್ರ ಮಾತ್ರ ತನ್ನ ಕೆಲಸವನ್ನು ಲೋಪವಿಲ್ಲದೆ ಮಾಡಿತ್ತು.

ಇಂದಿನ ಅಂತರರಾಷ್ಟ್ರೀಯ ನಿಯಮಗಳಲ್ಲಿ ಈ ಅನುಭವಗಳ ಗುರುತುಗಳಿವೆ. ಹಡಗುಗಳ ದಟ್ಟಣೆಯಲ್ಲಿ, ಮಂಜಿನಲ್ಲಿ, ಇತರ ಅಪಾಯದ ಜಾಗಗಳಲ್ಲಿ ಸ್ವಯಂ-ಚುಕ್ಕಾಣಿಯನ್ನು ಬಳಸುವಾಗ ಕೂಡಲೇ ಕೈಚಾಲನೆಗೆ ಬರುವಂತಿರಬೇಕು. ಅರ್ಹನಾದ ಚುಕ್ಕಾಣಿಗನು ತಡವಿಲ್ಲದೆ ದೊರೆಯುವಂತಿರಬೇಕು. ಬಹುಕಾಲ ಯಂತ್ರದಿಂದ ನಡೆದ ಮೇಲೆ ಕೈಚಾಲನೆಯನ್ನು ಪರೀಕ್ಷಿಸಬೇಕು. ೧೯೨೩ರಲ್ಲಿ ಯುದ್ಧನೌಕೆಯ ನಾವಿಕರು ಕೇಳಿರಬಹುದೆಂದು ನಾವು ಊಹಿಸಿದ ಪ್ರಶ್ನೆಗಳಿಗೆ ಇವು ಉತ್ತರಗಳಂತೆಯೇ ಇವೆ.

ನಮ್ಮ ದೇಶದ ನಾವಿಕನೊಬ್ಬನ ಅನುಭವದಲ್ಲಿ ಎರಡು ಬಗೆಯ ಚುಕ್ಕಾಣಿಗಳೂ ಸೇರಿಬಂದಿವೆ. ನೌಕಾಪಡೆಯ ಅಭಿಲಾಷ್ ಟಾಮಿ ಅವರು ಗೋವೆಯಲ್ಲಿ ಕಟ್ಟಿದ 'ಮಾದೇಯಿ' ಹಾಯಿದೋಣಿಯಲ್ಲಿ ೨೦೧೨ರ ನವೆಂಬರಿನಲ್ಲಿ ಮುಂಬಯಿಯಿಂದ ಹೊರಟು, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ ೨೦೧೩ರ ಮಾರ್ಚ್ ಕೊನೆಯಲ್ಲಿ ಮರಳಿದರು. ಆ ದೋಣಿಯಲ್ಲಿ ಆಟೊಪೈಲಟ್ ಇತ್ತು. ೨೦೧೮ರ ಗೋಲ್ಡನ್ ಗ್ಲೋಬ್ ಪಂದ್ಯವು ನಾಕ್ಸ್-ಜಾನ್‌ಸ್ಟನ್‌ನ ಯಾತ್ರೆಯ ಐವತ್ತನೆಯ ವರ್ಷದ ನೆನಪಿಗಾಗಿ ಏರ್ಪಟ್ಟುದು. ೧೯೬೮ರಲ್ಲಿ ಇಲ್ಲದಿದ್ದ ಸಾಧನಗಳಿಗೆ ಅಲ್ಲಿ ಆಸ್ಪದವಿರಲಿಲ್ಲ, ಗಾಳಿಯಲಗೇ ಚುಕ್ಕಾಣಿಗ. ಅವರು ಅದಕ್ಕಾಗಿ ಗೋವೆಯಲ್ಲಿಯೇ 'ಸುಹೈಲಿ'ಯ ಮಾದರಿಯ 'ತುರೀಯಾ' ದೋಣಿಯನ್ನು ಕಟ್ಟಿಸಿಕೊಂಡರು. ಆ ವರ್ಷದ ಸೆಪ್ಟೆಂಬರ್ ೨೧ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ಕೂವೆಮರಗಳು ಮುರಿದುವು. ಬೆನ್ನೆಲುಬಿಗೆ ಪೆಟ್ಟುಬಿದ್ದು ಅವರು ಅಲುಗಲಾರದೆ ಮಲಗಿದ್ದ ದೋಣಿಗೆ ಮೂರು ದಿನಗಳ ಬಳಿಕ ಫ್ರೆಂಚ್ ಹಡಗು 'ಒಸಿರಿಸ್' ಬಂದು ಅವರನ್ನು ಎತ್ತಿಕೊಂಡಿತು. ೨೦೨೨ರ ಸೆಪ್ಟೆಂಬರಿನಲ್ಲಿ ಅವರು ಅದೇ ಪಂದ್ಯಕ್ಕೆ, ಅದೇ ನಿಯಮಗಳಡಿಯಲ್ಲಿ, ಬೇರೊಂದು ದೋಣಿಯಲ್ಲಿ ಮತ್ತೆ ಹೊರಟರು. ಗಾಳಿಯಂತ್ರವನ್ನು ದಾರಿಯಲ್ಲಿ ತಾವೇ ದುರಸ್ತಿಮಾಡಿಕೊಳ್ಳುತ್ತ ೨೦೨೩ರ ಏಪ್ರಿಲ್ ೨೯ರಂದು ಎರಡನೆಯವರಾಗಿ ಫ್ರಾನ್ಸಿನ ದಡ ಸೇರಿದರು.